ಫ್ರೆಂಚ್ ಶೈಲಿಯ ಗಟ್ಟಿ ಬಿಸಿ ಚಾಕೊಲೇಟ್: ಹದ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ಯಾರಿಸ್ಸಿನ ಚಹಾಗೃಹಗಳಲ್ಲಿ ಪುಟ್ಟ ಹೂಜಿಯಲ್ಲಿ ತಂದಿಡುವ, ಬಟ್ಟಲಿಗೆ ಬಗ್ಗಿಸಿದರೆ ನೀರಿನಂತೆ ಬೀಳದೆ ಜೇನಿನಂತೆ ಇಳಿಯುವ ಬಿಸಿ ಚಾಕೊಲೇಟನ್ನು ಮನೆಯಲ್ಲಿಯೇ ಮಾಡಬೇಕೆಂಬ ಆಸೆಯಿಂದ ಎರಡು ಬಾರಿ ಪ್ರಯತ್ನಿಸಿ, ಎರಡು ಬಾರಿಯೂ ಸೋತಿದ್ದೇನೆ. ಮೊದಲ ಸಲ ಅರ್ಧ ಲೀಟರ್ ಹಾಲಿಗೆ ನಾಲ್ಕು ದೊಡ್ಡ ಚಮಚ ಕೋಕೋ ಪುಡಿಯನ್ನೂ ಸಕ್ಕರೆಯನ್ನೂ ಹಾಕಿ ಕುದಿಸಿದೆ. ಬಣ್ಣವೇನೋ ಚೆನ್ನಾಗಿ ಬಂತು, ಆದರೆ ಕುಡಿದಾಗ ಅದು ಬರಿಯ ಕೋಕೋ ಹಾಲಾಗಿತ್ತು. ಲೋಟದ ತಳದಲ್ಲಿ ಗಸಿಯೂ ನಿಂತಿತ್ತು. ಎರಡನೆಯ ಸಲ ಪುಡಿಯನ್ನು ಬಿಟ್ಟು, ಕೇಕಿಗೆಂದು ತಂದಿದ್ದ ಚಾಕೊಲೇಟ್ ಚೂರುಗಳನ್ನು ಹಾಲಿಗೆ ಹಾಕಿದೆ. ಅದೂ ಗಟ್ಟಿಯಾಗದಿದ್ದುದನ್ನು ಕಂಡು ಎರಡು ಚಮಚ ಕಾರ್ನ್‌ಫ್ಲೋರ್ ಕದಡಿ ಸುರಿದು, ಉರಿಯನ್ನು ಜೋರು ಮಾಡಿದೆ. ಗಟ್ಟಿಯಾದದ್ದು ನಿಜ, ಆದರೆ ನಾಲಿಗೆಗೆ ಹಿಟ್ಟು ಅಂಟಿದಂತಾಗುತ್ತಿತ್ತು, ಮೇಲೆ ಎಣ್ಣೆಯ ಹನಿಗಳು ತೇಲುತ್ತಿದ್ದವು. ತಪ್ಪು ಅಳತೆಯದೋ, ಸಾಮಗ್ರಿಯದೋ, ಉರಿಯದೋ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ತಪ್ಪಿದೆ, ಆದರೆ ಮೂಲ ಇರುವುದು ಸಾಮಗ್ರಿಯಲ್ಲಿ. ಕೋಕೋ ಬೀಜದ ಅರ್ಧದಷ್ಟು ಭಾಗ ಕೊಬ್ಬು, ಅಂದರೆ ಕೋಕೋ ಬೆಣ್ಣೆ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಎಂಬವರ ಹೆಸರಿನಲ್ಲಿ ಪೇಟೆಂಟ್ ಆದ ಒತ್ತುಯಂತ್ರ ಈ ಕೊಬ್ಬಿನ ಬಹುಪಾಲನ್ನು ಹಿಂಡಿ ತೆಗೆಯುವುದನ್ನು ಸಾಧ್ಯವಾಗಿಸಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಬರುವುದೇ ಕೋಕೋ ಪುಡಿ. ಅದು ಹಗುರವಾದ ಪಾನೀಯಕ್ಕೆಂದೇ ಹುಟ್ಟಿದ್ದು. ನಿಮ್ಮ ನಾಲ್ಕು ಚಮಚ ಪುಡಿಯಲ್ಲಿ ಕೋಕೋ ಬೆಣ್ಣೆ ಹೆಚ್ಚೆಂದರೆ ಐದಾರು ಗ್ರಾಂ ಇದ್ದೀತು. ಅದೇ 140 ಗ್ರಾಂ ಕಪ್ಪು ಚಾಕೊಲೇಟಿನಲ್ಲಿ ಐವತ್ತು ಗ್ರಾಮಿಗೂ ಹೆಚ್ಚು ಕೊಬ್ಬಿರುತ್ತದೆ. ನೀವು ಹುಡುಕುತ್ತಿರುವ ಆ ನುಣುಪು ಇರುವುದು ಅಲ್ಲಿ.

ಆದ್ದರಿಂದ ಶೇಕಡ 70ರ ಆಸುಪಾಸಿನ ಕೋಕೋ ಇರುವ ಕಪ್ಪು ಚಾಕೊಲೇಟ್ ಗಟ್ಟಿಯನ್ನು ತೆಗೆದುಕೊಳ್ಳಿ, ಮತ್ತು ಕೊಳ್ಳುವ ಮುನ್ನ ಹೊದಿಕೆಯ ಮೇಲಿನ ಸಾಮಗ್ರಿಗಳ ಪಟ್ಟಿಯನ್ನು ಓದಿ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬನ್ನು ಹಾಕಿದ ಕಾಂಪೌಂಡ್ ಚಾಕೊಲೇಟ್ ಇದಕ್ಕೆ ಒಗ್ಗುವುದಿಲ್ಲ, ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಕೇಕಿಗೆ ಹಾಕುವ ಚೂರುಗಳು ಒಲೆಯ ಬಿಸಿಯಲ್ಲಿಯೂ ಆಕಾರ ಉಳಿಸಿಕೊಳ್ಳಲೆಂದೇ ತಯಾರಾದವು, ಆದ್ದರಿಂದ ಅವೂ ಬೇಡ.

ಅಳತೆ ಇಷ್ಟು: ಅರ್ಧ ಲೀಟರ್ ಕೆನೆಭರಿತ ಹಾಲಿಗೆ 140 ಗ್ರಾಂ ಚಾಕೊಲೇಟ್, ಒಂದು ಚಿಟಿಕೆ ಉಪ್ಪು. ಇದು ನಾಲ್ಕು ಸಣ್ಣ ಬಟ್ಟಲುಗಳಿಗೆ ಸಾಕು. ದೊಡ್ಡ ಲೋಟದಲ್ಲಿ ಕುಡಿಯುವ ವಸ್ತು ಇದಲ್ಲ. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಹಾಗಾಗಿ ಅದನ್ನು ಹಾಕಿದ ಮೇಲೆ ರುಚಿ ನೋಡಿಯೇ ಸಕ್ಕರೆಯ ಮಾತು. ಚಾಕೊಲೇಟನ್ನು ಚಾಕುವಿನಿಂದ ಸಣ್ಣಗೆ ಹೆರೆದು ದಪ್ಪ ತಳದ ಪಾತ್ರೆಯಲ್ಲಿ ಹಾಕಿ, ಹಾಲನ್ನು ಬೇರೆಯಾಗಿ ಅಂಚಿನಲ್ಲಿ ಗುಳ್ಳೆ ಏಳುವಷ್ಟು ಮಾತ್ರ ಕಾಯಿಸಿ, ಅದರ ಮೂರನೆಯ ಒಂದು ಪಾಲನ್ನು ಮೊದಲು ಸುರಿಯಿರಿ. ಅರ್ಧ ನಿಮಿಷ ಕೈಯಾಡಿಸದೆ ಬಿಟ್ಟು, ನಂತರ ನಡುವಿನಿಂದ ಹೊರಕ್ಕೆ ಸುತ್ತುತ್ತ ಕಲಸಿ. ಈ ಹೊತ್ತಿನಲ್ಲಿ ಹಲವರು ಗಾಬರಿಯಾಗುತ್ತಾರೆ, ಏಕೆಂದರೆ ಮಿಶ್ರಣ ಮೊದಲು ಒಡೆದಂತೆ, ತರಿತರಿಯಾಗಿ ಕಾಣುತ್ತದೆ. ಕಲಸುವುದನ್ನು ನಿಲ್ಲಿಸದಿದ್ದರೆ ಇದ್ದಕ್ಕಿದ್ದಂತೆ ನಡುವಿನಲ್ಲಿ ಒಂದು ಹೊಳಪು ಹುಟ್ಟಿ, ಅದು ಅಂಚಿನವರೆಗೂ ಹರಡುತ್ತದೆ. ಆ ಹೊಳಪು ಕಂಡ ಮೇಲಷ್ಟೇ ಉಳಿದ ಹಾಲನ್ನು ಎರಡು ಕಂತುಗಳಲ್ಲಿ ಸೇರಿಸಬೇಕು.

ಬಳಿಕ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು, ವಿಸ್ಕ್‌ನಿಂದ ತಳ ಮುಟ್ಟಿ ತಿರುವುತ್ತ ನಾಲ್ಕೈದು ನಿಮಿಷ ಬೇಯಿಸಿ. ಕೋಕೋದಲ್ಲಿಯೇ ಇರುವ ಪಿಷ್ಟವೂ ನಾರೂ ನೀರನ್ನು ಹೀರಿ ಉಬ್ಬುವುದರಿಂದ ಪಾನೀಯ ತಾನಾಗಿಯೇ ಗಟ್ಟಿಯಾಗುತ್ತದೆ. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಅದು ಕೂಡಿಕೊಳ್ಳದೆ ನಿಲ್ಲಬೇಕು. ಕೊತಕೊತ ಕುದಿಸಿದರೆ ಕೊಬ್ಬು ಬೇರೆಯಾಗುತ್ತದೆ. ನೀವು ಕಂಡ ಎಣ್ಣೆಯ ಹನಿಗಳಿಗೆ ಜೋರು ಉರಿಯೇ ಕಾರಣವಾಗಿರಬೇಕು. ಹಾಗಾದಾಗ ಚೆಲ್ಲಬೇಡಿ: ಒಲೆಯಿಂದ ಇಳಿಸಿ, ಎರಡು ಚಮಚ ಬೆಚ್ಚನೆಯ ಹಾಲು ಹಾಕಿ ಬಿರುಸಾಗಿ ಕಡೆದರೆ ಬಹುತೇಕ ಕೂಡಿಕೊಳ್ಳುತ್ತದೆ.

ಎರಡನೆಯ ಉತ್ತರ

ಮೇಲಿನ ವಿಧಾನ ಸರಿಯಾಗಿದೆ, ಆದರೆ ಕಾರ್ನ್‌ಫ್ಲೋರನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಮುನ್ನ ಒಂದು ಮಾತು. ಚಮಚದಲ್ಲಿ ತಿನ್ನುವಷ್ಟು ಗಟ್ಟಿಯಾದ ಇಟಲಿಯ ಬಿಸಿ ಚಾಕೊಲೇಟಿಗೆ ಸಾಮಾನ್ಯವಾಗಿ ಪಿಷ್ಟವನ್ನೇ ಹಾಕುತ್ತಾರೆ, ಅದು ಅಲ್ಲಿಯ ಪದ್ಧತಿ. ಹಾಲು ತೆಳ್ಳಗಿದ್ದರೆ ಅರ್ಧ ಲೀಟರಿಗೆ ಒಂದು ಸಣ್ಣ ಚಮಚದಷ್ಟನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಚಾಕೊಲೇಟ್ ಸೇರಿಸುವುದಕ್ಕಿಂತ ಮೊದಲು ಹಾಲಿನಲ್ಲಿಯೇ ಒಂದು ಕುದಿ ಬರಿಸಿದರೆ ಹಸಿ ಹಿಟ್ಟಿನ ವಾಸನೆ ಇರುವುದಿಲ್ಲ. ಪ್ರಶ್ನೆ ಕೇಳಿದವರು ಹಾಕಿದ್ದು ಹೆಚ್ಚಾಯಿತು, ಅದೂ ಚಾಕೊಲೇಟ್ ಸೇರಿದ ಮೇಲೆ ಹಾಕಿದ್ದರಿಂದ, ಹಿಟ್ಟು ಬೇಯಲೆಂದು ಉರಿ ಏರಿಸಿದಾಗ ಚಾಕೊಲೇಟ್ ಒಡೆಯಿತು. ಫ್ರೆಂಚ್ ರುಚಿಯೇ ಬೇಕೆನ್ನುವುದಾದರೆ ಪಿಷ್ಟ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ. ಅದು ಚಾಕೊಲೇಟಿನ ಪರಿಮಳವನ್ನು ಮಂಕು ಮಾಡುತ್ತದೆ. ಹಾಲಿನ ಐದನೆಯ ಒಂದು ಪಾಲಿನಷ್ಟು ಕ್ರೀಮ್ ಸೇರಿಸುವವರೂ ಇದ್ದಾರೆ. ನನಗೆ ಅದು ಎರಡು ಗುಟುಕಿಗೇ ಮುಖ ಹೊಡೆಯುತ್ತದೆ.

ಮೂರನೆಯ ಉತ್ತರ

ಗಟ್ಟಿತನಕ್ಕೆ ಹಳೆಯ ಫ್ರೆಂಚರ ಬಳಿ ಇನ್ನೂ ಎರಡು ಉಪಾಯಗಳಿದ್ದವು. ಹದಿನೇಳನೆಯ ಶತಮಾನದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಓಡಿಬಂದು ಬಾಯೋನ್ ಪಟ್ಟಣದ ಆಸುಪಾಸಿನಲ್ಲಿ ನೆಲೆಸಿದ ಯಹೂದಿಗಳು ಚಾಕೊಲೇಟ್ ತಯಾರಿಸುವ ವಿದ್ಯೆಯನ್ನು ಅಲ್ಲಿ ಬೇರೂರಿಸಿದರು, ಮತ್ತು ಇಂದಿಗೂ ಆ ಊರು ನೊರೆ ತುಂಬಿದ ಚಾಕೊಲೇಟಿಗೆ ಹೆಸರಾಗಿದೆ. ಆ ಕಾಲದ ಚಾಕೊಲೇಟ್ ಹೂಜಿಯ ಮುಚ್ಚಳದಲ್ಲಿ ಒಂದು ತೂತಿರುತ್ತಿತ್ತು. ಅದರೊಳಗೆ ಮರದ ಕಡೆಗೋಲನ್ನು ಇಳಿಸಿ, ಎರಡೂ ಅಂಗೈಗಳ ನಡುವೆ ಹೊಸೆದು ನೊರೆ ಎಬ್ಬಿಸುತ್ತಿದ್ದರು. ಹದಿನೈದನೆಯ ಲೂಯಿಯ ಕಾಲದ ಪಾಕವಿಧಾನದಲ್ಲಿಯಂತೂ ಹಾಲೇ ಇಲ್ಲ: ಬಟ್ಟಲಿಗೊಂದರಂತೆ ಚಾಕೊಲೇಟ್ ಬಿಲ್ಲೆಯನ್ನು ನೀರಿನಲ್ಲಿ ಬೇಯಿಸಿ, ನಾಲ್ಕು ಬಟ್ಟಲಿಗೆ ಒಂದು ಮೊಟ್ಟೆಯ ಹಳದಿಯನ್ನು ಕೊನೆಯಲ್ಲಿ ಸೇರಿಸಿ, ಕುದಿಯಲು ಬಿಡದೆ ತಿರುವಬೇಕು, ಕುದಿದರೆ ಹಳದಿ ಗಂಟುಗಟ್ಟುತ್ತದೆ.

ಆ ಪಾಕವಿಧಾನದ ಇನ್ನೊಂದು ಸೂಚನೆ, ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಚೆನ್ನ ಎಂಬುದು, ನನ್ನ ಅಡುಗೆಮನೆಯಲ್ಲಿಯೂ ನಿಜವಾಗಿದೆ. ಹಾಲಿನಲ್ಲಿ ಮಾಡಿದ್ದನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಡೆಯುತ್ತ ಬಿಸಿ ಮಾಡಿದರೆ, ಮೊದಲ ದಿನಕ್ಕಿಂತ ಒಂದು ಹದ ಹೆಚ್ಚು ಗಟ್ಟಿಯಾಗಿರುತ್ತದೆ. ಬಡಿಸುವಾಗ ಸಕ್ಕರೆ ಹಾಕದೆ ಕಡೆದ ಕ್ರೀಮನ್ನು ಬೇರೆ ಬಟ್ಟಲಿನಲ್ಲಿ ಇಡಿ. 1903ರಲ್ಲಿ ಆರಂಭವಾದ, ರಿವೋಲಿ ಬೀದಿಯ ಆಂಜೆಲೀನಾ ಚಹಾಗೃಹದಲ್ಲಿ ಕ್ರೀಮ್ ಹೀಗೆ ಪಕ್ಕದಲ್ಲಿಯೇ ಬರುತ್ತದೆ. ಎಷ್ಟು ಬೇಕೆಂಬುದು ಕುಡಿಯುವವರ ಇಷ್ಟ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಮೊದಲ ಉತ್ತರದ ಅಳತೆಯಂತೆ, ಪಿಷ್ಟವಿಲ್ಲದೆ ಮಾಡಿದೆ. ತರಿತರಿಯಾದಾಗ ಮುನ್ಸೂಚನೆ ಇಲ್ಲದಿದ್ದರೆ ಖಂಡಿತವಾಗಿಯೂ ಚೆಲ್ಲಿಬಿಡುತ್ತಿದ್ದೆ. ಕಲಸುತ್ತ ಹೋದಂತೆ ಹೊಳಪು ಬಂದೇ ಬಂತು. ಎರಡು ಬಟ್ಟಲು ಕುಡಿದು, ಉಳಿದದ್ದನ್ನು ಫ್ರಿಜ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿದೆ, ಮೇಲೆ ತೆಳುವಾದ ಪದರವೂ ಕಟ್ಟಿದೆ. ಇದು ಕೆಟ್ಟಿರುವ ಲಕ್ಷಣವೇ?

ಮೊದಲ ಉತ್ತರ ಬರೆದವರಿಂದ

ಕೆಟ್ಟಿಲ್ಲ. ಕೋಕೋ ಬೆಣ್ಣೆ ತಣ್ಣಗಾದಾಗ ಹೆಪ್ಪುಗಟ್ಟುತ್ತದೆ, ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮತ್ತೆ ಕರಗುತ್ತದೆ. ಮೇಲಿನ ಪದರ ಹಾಲಿನ ಕೆನೆಯೇ. ಅದನ್ನು ತೆಗೆದಿಟ್ಟು, ಒಂದು ಚಮಚ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಕಡೆಯುತ್ತ ಬಿಸಿ ಮಾಡಿ. ಎರಡು ದಿನಗಳೊಳಗೆ ಮುಗಿಸಿಬಿಡಿ, ಹಾಗೆ ಮುಗಿಯದೆ ಉಳಿದದ್ದನ್ನು ನಾನಂತೂ ಇದುವರೆಗೆ ಕಂಡಿಲ್ಲ.