ಸರ್ವರ್ ಬಿದ್ದು ಯಕ್ಷಗಾನ ಬರಹಗಳು ಹೋಗಿವೆ, ಬ್ಯಾಕಪ್‌ನಲ್ಲಿರುವ ಕನ್ನಡವೂ ಓದಲು ಬರುತ್ತಿಲ್ಲ. ಏನಾದರೂ ದಾರಿ ಇದೆಯಾ?

ಚೆಂಡೆಪೆಟ್ಟು:
ಎಲ್ಲರಿಗೂ ನಮಸ್ಕಾರ. ನಮ್ಮೂರ ಯಕ್ಷಗಾನ ಆಸಕ್ತರ ಬಳಗಕ್ಕೆ ಒಂದು ಚಿಕ್ಕ ವೆಬ್‌ಸೈಟ್ ಇದೆ. ವರ್ಡ್‌ಪ್ರೆಸ್‌ನದ್ದು, ತುಂಬಾ ಹಳೇದು. ಪ್ರಸಂಗಗಳ ಬಗ್ಗೆ ಬರಹ, ಹಿರಿಯ ಭಾಗವತರ ಜೊತೆ ಮಾತುಕತೆ, ಮೇಳಗಳ ತಿರುಗಾಟದ ನೆನಪು ಎಲ್ಲಾ ಅಲ್ಲೇ ಇತ್ತು. ಹೋದ ವಾರ ಹೋಸ್ಟಿಂಗ್ ಕಂಪನಿಯ ಡಿಸ್ಕ್ ಕೈಕೊಟ್ಟು ಸೈಟ್ ಪೂರ್ತಿ ಮಲಗಿತು. ಅವರು ಹಳೇ ಬ್ಯಾಕಪ್ ಹಾಕಿ ಎಬ್ಬಿಸಿದ್ದಾರೆ. ಈಗ ಎರಡು ತಲೆನೋವು.

ಬ್ಯಾಕಪ್ ಆದಮೇಲೆ ಬಂದ ಸುಮಾರು ಒಂದು ವರ್ಷದ ಬರಹ, ಕಾಮೆಂಟ್ ಯಾವುದೂ ಇಲ್ಲ. ಇರುವ ಹಳೇ ಬರಹವೂ ಓದಲು ಬರುವುದಿಲ್ಲ, ಶೀರ್ಷಿಕೆಯಿಂದಲೇ ಚಿತ್ರವಿಚಿತ್ರ ಅಕ್ಷರ. ಕಂಪನಿಯವರು "ನಮ್ಮ ಕಡೆ ರಿಸ್ಟೋರ್ ಆಗಿದೆ" ಅಂತ ಟಿಕೆಟ್ ಮುಚ್ಚಿದರು. ಜಾಸ್ತಿ ಕೇಳಿದ್ದಕ್ಕೆ ಕೆಟ್ಟ ಡಿಸ್ಕ್‌ನಿಂದ ಸಿಕ್ಕಿದ್ದು ಅಂತ ಒಂದು ಫೋಲ್ಡರ್ ಕೊಟ್ಟಿದ್ದಾರೆ. ಅದರ ತುಂಬಾ ಐಬಿಡಿ ಫೈಲುಗಳು, ಅಂದರೆ ಸೈಟಿನ ಮೈಎಸ್‌ಕ್ಯೂಎಲ್ ಡೇಟಾಬೇಸ್ ತನ್ನ ಟೇಬಲ್‌ಗಳನ್ನು ಇಡುವ ಫೈಲುಗಳಂತೆ.

ನಾವು ಮಾತಾಡಿಸಿದ ಹಿರಿಯರಲ್ಲಿ ಕೆಲವರು ಈಗಿಲ್ಲ. ಮತ್ತೊಮ್ಮೆ ಕೇಳಿ ಬರೆಯೋಣ ಅನ್ನುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಸರ್ವರ್:
ಮೊದಲು ಸೈಟಿಗೆ ಏನೂ ಮಾಡಬೇಡಿ ಸರ್. ಮೇಂಟೆನೆನ್ಸ್ ಮೋಡ್‌ಗೆ ಹಾಕಿ. ಈಗಿರುವ ಡೇಟಾಬೇಸ್‌ನ ಒಂದು ಪ್ರತಿ, ಆ ಐಬಿಡಿ ಫೋಲ್ಡರಿನ ಒಂದು ಪ್ರತಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಂದಿನ ಪ್ರಯೋಗ ಎಲ್ಲಾ ಪ್ರತಿಯ ಮೇಲೆ ಮಾತ್ರ.

ಜೊತೆಗೆ ಬಳಗದ ವಾಟ್ಸಾಪ್ ಗುಂಪಿಗೆ ಇವತ್ತೇ ಹೇಳಿ. ಯಾರ ಫೋನಲ್ಲಾದರೂ ನಿಮ್ಮ ಸೈಟಿನ ಟ್ಯಾಬ್ ಹಾಗೇ ಉಳಿದಿರಬಹುದು. ಅದನ್ನು ನೋಡುವ ಮೊದಲು ಏರೋಪ್ಲೇನ್ ಮೋಡ್ ಹಾಕಬೇಕು, ಆಮೇಲೆ ಬ್ರೌಸರ್ ತೆರೆಯಬೇಕು. ನೆಟ್ ಇದ್ದರೆ ಪುಟ ತಾನಾಗೇ ರಿಲೋಡ್ ಆಗಿ ಹಳೇದು ಹೋಗುತ್ತದೆ. ಪುಟ ಕಂಡರೆ ಬರೀ ಸ್ಕ್ರೀನ್‌ಶಾಟ್ ತೆಗೆದು ಸುಮ್ನಿರಬೇಡಿ, ಪಠ್ಯವನ್ನೇ ಕಾಪಿ ಮಾಡಿಸಿ.

ಅಕ್ಷರದ ವಿಷಯಕ್ಕೆ ಎರಡು ಮಾಹಿತಿ ಬೇಕು. ಕಾಣೋದು ಬರೀ ಪ್ರಶ್ನೆ ಚಿಹ್ನೆಗಳಾ, ಬೇರೆ ಏನಾದರೂನಾ? ಈಗಿನ ಟೇಬಲ್‌ನ ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ, ಯಾವುದು? ಪಿಎಚ್‌ಪಿ ಮೈಅಡ್ಮಿನ್‌ನಲ್ಲಿ ಟೇಬಲ್ ತೆರೆದರೆ ಕೊಲೇಶನ್ ಅಂತ ಕಾಣುತ್ತದೆ, ಅದರ ಮೊದಲ ಭಾಗ ಹೇಳಿ ಸಾಕು.

ಚೆಂಡೆಪೆಟ್ಟು:
ಪ್ರಶ್ನೆ ಚಿಹ್ನೆ ಅಲ್ಲ. ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2, ಆಮೇಲೆ ಇನ್ನೊಂದು ಏನೋ ಚಿಹ್ನೆ. ಹೀಗೇ ಸಾಲುಗಟ್ಟಲೆ. ಕೆಲವು ಕಡೆ 2ರ ಬದಲು ಪುಟ್ಟ 3. ಟೇಬಲ್ ಯುಟಿಎಫ್8ಎಂಬಿ4 ಅಂತಿದೆ.

ಹಳೇಸರ್ವರ್:
ಹಾಗಾದರೆ ಅರ್ಧ ಗೆದ್ದಿರಿ. ಪ್ರಶ್ನೆ ಚಿಹ್ನೆ ಇದ್ದಿದ್ದರೆ ಬರಹ ಹೋದ ಹಾಗೇ, ಅದರೊಳಗಿಂದ ಏನೂ ವಾಪಸ್ ಬರುವುದಿಲ್ಲ. ಇದರಲ್ಲಿ ನಿಮ್ಮ ಕನ್ನಡ ಪೂರ್ತಿ ಕೂತಿದೆ, ವೇಷ ಬದಲಾಗಿದೆ ಅಷ್ಟೇ.

ಎಲ್ಲಾ ಭಾಷೆಗಳಿಗೂ ಆಗುವ ಕ್ರಮ ಯುಟಿಎಫ್-8, ನಿಮ್ಮ ಟೇಬಲ್‌ನ ಯುಟಿಎಫ್8ಎಂಬಿ4 ಕೂಡ ಅದೇ. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಎಲ್ಲಕ್ಕೂ ಒಂದೇ, ಅದನ್ನು ಲ್ಯಾಟಿನ್1 (ಇಂಗ್ಲಿಷ್‌ನಂಥ ಯುರೋಪಿನ ಭಾಷೆಗಳ ಹಳೇ ಕ್ರಮ, ಒಂದು ಅಕ್ಷರಕ್ಕೆ ಒಂದೇ ಬೈಟ್) ಅಂತ ಓದಿದರೆ ಗೀಟಿನ ಎ ಆಗುತ್ತದೆ. ಎರಡನೆಯ ಬೈಟ್ ಸ್ವರ, ವ್ಯಂಜನ, ದೀರ್ಘ, ಗುಡಿಸುಗಳಿಗೆ ಪುಟ್ಟ 2. ಕೊಂಬು, ಎತ್ವ, ಒತ್ತಕ್ಷರ ಕಟ್ಟುವ ಹಲಂತ ಬಂದಲ್ಲಿ ಪುಟ್ಟ 3. ನೀವು ಹೇಳಿದ ಚಿತ್ರ ಸರಿಯಾಗಿ ಇದೇ.

ಹೀಗಾಗಿದ್ದು ಯಾಕೆ ಅಂದರೆ, 2007ರಲ್ಲಿ ಬಂದ 2.2 ಆವೃತ್ತಿಗಿಂತ ಮೊದಲಿನ ವರ್ಡ್‌ಪ್ರೆಸ್‌ಗೆ ಡೇಟಾಬೇಸ್‌ನ ಅಕ್ಷರ ಕ್ರಮ ಹೇಳುವ ಸೆಟ್ಟಿಂಗೇ ಇರಲಿಲ್ಲ. ಆ ಕಾಲದ ಸೈಟುಗಳಲ್ಲಿ ಟೇಬಲ್ ಲ್ಯಾಟಿನ್1, ಒಳಗೆ ತುಂಬಿದ್ದು ಯುಟಿಎಫ್-8. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ನಡೆಯುವುದರಿಂದ ಪರದೆಯ ಮೇಲೆ ಸರಿಯಾಗೇ ಕಾಣುತ್ತಿತ್ತು. ರಿಸ್ಟೋರ್ ಮಾಡಿದವರು ಟೇಬಲನ್ನು ಯುಟಿಎಫ್8ಎಂಬಿ4 ಮಾಡಿದಾಗ ಮೈಎಸ್‌ಕ್ಯೂಎಲ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ನಂಬಿ ಮತ್ತೊಮ್ಮೆ ಪರಿವರ್ತಿಸಿದೆ.

ಬಿಡಿಸಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಪ್ರತಿಯ ಮೇಲೆ ಕನ್ವರ್ಟ್ ಆದೇಶ ಬಳಸಿ ಕಾಲಂ ಅನ್ನು ಮೊದಲು ಲ್ಯಾಟಿನ್1ಗೆ, ಆ ಫಲಿತಾಂಶವನ್ನು ಬೈನರಿಗೆ, ಅದನ್ನು ಯುಟಿಎಫ್8ಎಂಬಿ4ಗೆ ತನ್ನಿ. ಮೂರೂ ಒಂದೇ ಅಪ್‌ಡೇಟ್ ಸಾಲಿನಲ್ಲಿ ಆಗುತ್ತದೆ. ನಡುವಿನ ಬೈನರಿ ಹೆಜ್ಜೆ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ತುಂಗಾತೀರ:
ಇಷ್ಟೆಲ್ಲ ಯಾಕೆ ಸರ್? ಡೇಟಾಬೇಸನ್ನು ಪಠ್ಯವಾಗಿ ಇಳಿಸಿದ ಡಂಪ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಎನ್‌ಕೋಡಿಂಗ್ ಬದಲಿಸಿ ಸೇವ್ ಮಾಡಿದರೆ ಆಗಲ್ವಾ?

ಹಳೇಸರ್ವರ್:
ಹೆಚ್ಚಿನವರು ಬರಹ ಕಳೆದುಕೊಳ್ಳೋದು ಅಲ್ಲೇ ಮೇಡಂ. ವಿಂಡೋಸ್‌ನ 1252 ಅಕ್ಷರ ಪಟ್ಟಿಯಲ್ಲಿ (ಎಡಿಟರ್‌ಗಳು ಲ್ಯಾಟಿನ್1 ಬದಲು ಸಾಮಾನ್ಯವಾಗಿ ಬಳಸುವುದು ಇದನ್ನೇ) ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ. ಕನ್ನಡದ ದುರದೃಷ್ಟಕ್ಕೆ ಆ ಐದೂ ನಮಗೆ ಬೇಕಾದವು: ಏ, ಐ, ಝ, ಕೊಂಬು, ಹಲಂತ. ಅವನ್ನು ಬಿಸಾಡುವ ಅಥವಾ ಪ್ರಶ್ನೆ ಚಿಹ್ನೆ ಮಾಡುವ ಎಡಿಟರ್ ಕೈಗೆ ಕೊಟ್ಟರೆ ಒತ್ತಕ್ಷರವೆಲ್ಲ ಕಿತ್ತುಹೋಗುತ್ತದೆ. ಯಕ್ಷಗಾನದ ಸೈಟಿನಲ್ಲಿ "ಯಕ್ಷ"ವೇ ನಿಲ್ಲುವುದಿಲ್ಲ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಮಾತ್ರ ಈ ಐದನ್ನೂ ಹಾಗೇ ಉಳಿಸಿಕೊಳ್ಳುತ್ತದೆ. ಅದಕ್ಕೇ ಕೆಲಸ ಡೇಟಾಬೇಸ್ ಒಳಗೇ ಮುಗಿಯಲಿ ಅಂದಿದ್ದು.

ವರ್ಡ್‌ಗೆ ಪೇಸ್ಟ್ ಮಾಡುವುದೂ ಬೇಡ. ಭ ಅಕ್ಷರದ ಕೊನೆಯ ಬೈಟ್ ಲ್ಯಾಟಿನ್1ನಲ್ಲಿ ಕಣ್ಣಿಗೆ ಕಾಣದ ಹೈಫನ್, ಠ ಅಕ್ಷರದ್ದು ಒಂದು ಥರದ ಖಾಲಿ ಜಾಗ. "ಸ್ವಚ್ಛ" ಮಾಡುವ ತಂತ್ರಾಂಶ ಇವೆರಡನ್ನೂ ಮೊದಲು ಗುಡಿಸುತ್ತದೆ. ಭಾಗವತರಿಗೇ ಸಂಚಕಾರ.

ಚೆಂಡೆಪೆಟ್ಟು:
ಮಾರಾಯ್ರೆ, ಪ್ರತಿಯ ಮೇಲೆ ಮಾಡಿ ನೋಡಿದೆ. ಹಳೇ ಬರಹ ಎಲ್ಲಾ ಕನ್ನಡವಾಗಿ ಎದ್ದು ನಿಂತಿತು! ಝಂಪೆ ತಾಳ, ಏಕತಾಳ ಎರಡನ್ನೂ ಹುಡುಕಿ ನೋಡಿದೆ, ಸರಿಯಾಗಿವೆ. ಆದರೆ ಸೈಟ್ ಎದ್ದಮೇಲೆ ನಮ್ಮ ಕಾರ್ಯದರ್ಶಿಗಳು ಹಾಕಿದ್ದ ಒಂದು ಪ್ರಕಟಣೆ ಚೆನ್ನಾಗಿ ಕಾಣುತ್ತಿತ್ತು, ಅದು ಈಗ ಪೂರ್ತಿ ಪ್ರಶ್ನೆ ಚಿಹ್ನೆಯಾಗಿದೆ.

ಹಳೇಸರ್ವರ್:
ಆಗಲೇಬೇಕು. ಅದು ಹೊಸ ಟೇಬಲ್‌ಗೆ ಸರಿಯಾಗೇ ಸೇರಿದ ಕನ್ನಡ. ಸರಿಯಾದ ಕನ್ನಡಕ್ಕೆ ಲ್ಯಾಟಿನ್1ನಲ್ಲಿ ಜಾಗವಿಲ್ಲ. ಹೊಸ ಪ್ರತಿ ತೆಗೆದುಕೊಂಡು, ಪ್ರಕಟಣೆಯ ಐಡಿಗಿಂತ ಕಡಿಮೆ ಐಡಿ ಇರುವ ಸಾಲುಗಳಿಗೆ ಮಾತ್ರ ಆದೇಶ ಓಡಿಸಿ. ಗೀಟಿನ ಎ ಹುಡುಕಿ ಆರಿಸಲು ಹೋಗಬೇಡಿ. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಕೊಲೇಶನ್‌ಗಳಿಗೆ ಗೀಟಿನ ಎ ಮತ್ತು ಬರೀ ಎ ಎರಡೂ ಒಂದೇ. ಶೀರ್ಷಿಕೆ, ಸಾರಾಂಶ, ಕಾಮೆಂಟ್, ವಿಭಾಗಗಳ ಹೆಸರು ಇರುವ ಕಾಲಂಗಳಿಗೂ ಇದೇ ಮದ್ದು.

ತುಂಗಾತೀರ:
ಕಳೆದುಹೋದ ಒಂದು ವರ್ಷದ ಬರಹಕ್ಕೆ ಹಳೇ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷೀನ್ ನೋಡಿದಿರಾ? ಮುಖಪುಟ ಮಾತ್ರ ನೋಡಿ ವಾಪಸ್ ಬರಬೇಡಿ. ಹುಡುಕುವ ಜಾಗದಲ್ಲಿ ನಿಮ್ಮ ವಿಳಾಸ ಹಾಕಿ, ಕೊನೆಗೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಸೇರಿಸಿ. ಆ ಸೈಟಿನದು ಏನೇನು ಉಳಿದಿದೆಯೋ ಎಲ್ಲದರ ಪಟ್ಟಿ ಬರುತ್ತದೆ. ವಿಭಾಗದ ಪುಟ, ತಿಂಗಳ ಪುಟ, ಫೀಡ್ (ಹೊಸ ಬರಹಗಳನ್ನು ಓದುಗರಿಗೆ ತಾನಾಗೇ ತಲುಪಿಸುವ ಕಡತ) ಎಲ್ಲಾ ತೆರೆದು ನೋಡಿ. ಬರಹದ ಸ್ವಂತ ಪುಟ ಉಳಿಯದಿದ್ದರೂ ಫೀಡ್‌ನಲ್ಲಿ ಪೂರ್ತಿ ಪಠ್ಯ ಇರುವುದುಂಟು. ಸಿಕ್ಕಿದ ಪುಟದ ವಿಳಾಸದಲ್ಲಿ ದಿನಾಂಕದ ಅಂಕಿಗಳು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ಐಡಿ ಮತ್ತು ಒಂದು ಅಡಿಗೆರೆ (id_) ಹಾಕಿದರೆ, ವೇಬ್ಯಾಕ್‌ನವರು ಮೇಲೆ ಅಂಟಿಸುವ ಪಟ್ಟಿ-ಗಿಟ್ಟಿ ಇಲ್ಲದ ಮೂಲ ಪುಟ ಇಳಿಯುತ್ತದೆ.

ಗೂಗಲ್ ಕ್ಯಾಶ್ ನೋಡಿ ಅಂತ ಹಳೇ ಸಲಹೆಗಳಲ್ಲಿ ಇರುತ್ತದೆ, ಅದರ ಹಿಂದೆ ಬೀಳಬೇಡಿ. 2024ರಲ್ಲೇ ಆ ಕೊಂಡಿ ತೆಗೆದಿದ್ದಾರೆ.

ರಾತ್ರಿಪಾಳಿ:
ಐಬಿಡಿ ಫೈಲ್ ಇದೆಯಲ್ಲ, ಇನ್ನೊಡಿಬಿ ಫೋರ್ಸ್ ರಿಕವರಿ 6 ಹಾಕಿ ಸ್ಟಾರ್ಟ್ ಮಾಡಿ ಗುರು.

ಹಳೇಸರ್ವರ್:
ಕೆಟ್ಟ ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸುವ ಆ ಸೆಟ್ಟಿಂಗ್ ಇಡೀ ಡೇಟಾ ಡೈರೆಕ್ಟರಿ ಕೈಯಲ್ಲಿದ್ದಾಗಿನ ಮಾತು. ಆಗಲೂ 1ರಿಂದ ಶುರು ಮಾಡಿ ಒಂದೊಂದೇ ಏರಿಸಬೇಕು. 4 ಅಥವಾ ಅದಕ್ಕಿಂತ ಮೇಲೆ ಹೋದರೆ ಇರುವ ಡೇಟಾವೂ ಕಾಯಂ ಕೆಡಬಹುದು.

ಇವರ ಹತ್ತಿರ ಬಿಡಿ ಫೈಲುಗಳಿವೆ. ಚೆಂಡೆಪೆಟ್ಟು ಸರ್, ಹಳೇ ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ 8 ಇದ್ದಿದ್ದರೆ ನಿಮ್ಮ ಕಂಪ್ಯೂಟರಿಗೂ ಅದೇ ಆವೃತ್ತಿ ಹಾಕಿಕೊಳ್ಳಿ. ಅದರ ಜೊತೆಗೇ ಬರುವ ಐಬಿಡಿ-ಟು-ಎಸ್‌ಡಿಐ ಅನ್ನೋ ಸಾಧನ ಫೈಲಿನೊಳಗಿಂದಲೇ ಟೇಬಲ್‌ನ ರಚನೆ ಓದಿ ಹೇಳುತ್ತದೆ. ಅದೇ ರಚನೆಯ ಖಾಲಿ ಟೇಬಲ್ ಮಾಡಿ, ಡಿಸ್ಕಾರ್ಡ್ ಟೇಬಲ್‌ಸ್ಪೇಸ್ ಕೊಟ್ಟು, ಐಬಿಡಿ ಫೈಲನ್ನು ಆ ಜಾಗಕ್ಕೆ ಹಾಕಿ, ಇಂಪೋರ್ಟ್ ಟೇಬಲ್‌ಸ್ಪೇಸ್ ಕೊಡಿ. ಸಿಎಫ್‌ಜಿ ಫೈಲ್ ಇಲ್ಲ ಅಂತ ಎಚ್ಚರಿಕೆ ಬರುತ್ತದೆ, ಅದಕ್ಕೆ ಹೆದರಬೇಡಿ. ಈಗಿನ ಸೈಟಿನ ರಚನೆಯನ್ನು ನಕಲು ಮಾಡಬೇಡಿ. ಅದು ಯುಟಿಎಫ್8ಎಂಬಿ4, ಕೆಟ್ಟ ಡಿಸ್ಕಿನದು ಲ್ಯಾಟಿನ್1 ಇರಬೇಕು.

ಒಳಗೆ ಬಂದಮೇಲೆ ಅಲ್ಲಿ ಬೇರೆ ವಿಧಾನ. ಕಾಲಂ ಅನ್ನು ಮೊದಲು ಬ್ಲಾಬ್ ಮಾಡಿ, ಆಮೇಲೆ ಯುಟಿಎಫ್8ಎಂಬಿ4ನ ಟೆಕ್ಸ್ಟ್ ಮಾಡಿ. ಬ್ಲಾಬ್ ಆದಾಗ ಮೈಎಸ್‌ಕ್ಯೂಎಲ್‌ಗೆ ಅದು ಬರೀ ಬೈಟ್, ಪರಿವರ್ತಿಸಲು ಹೋಗುವುದಿಲ್ಲ.

ಚೆಂಡೆಪೆಟ್ಟು:
ಬರಹಗಳ ಟೇಬಲ್ ಬಂತು! ಮೈಎಸ್‌ಕ್ಯೂಎಲ್ 8 ಇತ್ತು, ನೀವು ಹೇಳಿದ ಹಾಗೆ ಲ್ಯಾಟಿನ್1 ಕೂಡ. ಬ್ಲಾಬ್ ಮಾಡಿ ತಂದ ಮೇಲೆ ಎಲ್ಲಾ ಕನ್ನಡ. ಕಾಮೆಂಟ್‌ಗಳ ಟೇಬಲ್ ಮಾತ್ರ ಇಂಪೋರ್ಟ್ ಆಗುವಾಗ ಪುಟ ಕೆಟ್ಟಿದೆ ಅಂತ ನಿಂತುಬಿಡುತ್ತದೆ. ಅದೊಂದು ದೊಡ್ಡ ನಷ್ಟ. ಒಂದು ಪದ್ಯ ಯಾವ ರಾಗದಲ್ಲಿ ಹೇಳಬೇಕು ಅಂತ ಬಡಗಿನವರೂ ತೆಂಕಿನವರೂ ತಿಂಗಳುಗಟ್ಟಲೆ ವಾದ ಮಾಡಿದ್ದು ಅಲ್ಲೇ ಇತ್ತು. ಬರಹಕ್ಕಿಂತ ಅದರಲ್ಲೇ ವಿಷಯ ಜಾಸ್ತಿ.

ತುಂಗಾತೀರ:
ಸೈಟಿನ ಅಡ್ಮಿನ್ ಮತ್ತು ಲೇಖಕರ ಇಮೇಲ್ ನೋಡಿ. ಕಾಮೆಂಟ್ ಬಂದಾಗ ವರ್ಡ್‌ಪ್ರೆಸ್ ಕಳಿಸುವ ಸೂಚನೆ ಮೇಲ್‌ನಲ್ಲಿ ಬರೆದವರ ಹೆಸರು ಮತ್ತು ಕಾಮೆಂಟಿನ ಪೂರ್ತಿ ಪಠ್ಯ ಇರುತ್ತದೆ. ಆ ಸೂಚನೆ ನಿಲ್ಲಿಸಿರದಿದ್ದರೆ ನಿಮ್ಮ ರಾಗದ ಜಗಳ ಯಾರದೋ ಇನ್‌ಬಾಕ್ಸಿನಲ್ಲಿ ಭದ್ರವಾಗಿದೆ. ಸ್ಪ್ಯಾಮ್ ಫೋಲ್ಡರ್ ಬೇಗ ಖಾಲಿಯಾಗುತ್ತದೆ, ಅಲ್ಲಿಂದ ಶುರು ಮಾಡಿ.

ಚೆಂಡೆಪೆಟ್ಟು:
ಸಿಕ್ಕಿತು ಮೇಡಂ, ನಮ್ಮ ಕಾರ್ಯದರ್ಶಿಗಳು ಒಂದು ಮೇಲ್ ಕೂಡ ಅಳಿಸುವವರಲ್ಲ! ಇನ್ನು ಒಂದೇ ಅನುಮಾನ. ವೇಬ್ಯಾಕ್ ಪಟ್ಟಿಯಲ್ಲಿ ಉದ್ದ ಶೀರ್ಷಿಕೆಯ ಬರಹಗಳ ವಿಳಾಸ ಅರ್ಧಕ್ಕೇ ತುಂಡಾಗಿದೆ. ಅದೂ ಕೆಟ್ಟಿದೆಯಾ? ಡೇಟಾಬೇಸಿನಲ್ಲೂ ಹಾಗೇ ಇದೆ.

ಹಳೇಸರ್ವರ್:
ಕೆಟ್ಟಿಲ್ಲ. ವರ್ಡ್‌ಪ್ರೆಸ್ ವಿಳಾಸದ ತುಣುಕಿಗೆ 200 ಅಕ್ಷರದ ಜಾಗ ಇಟ್ಟಿದೆ. ಕನ್ನಡದ ಒಂದೊಂದು ಚಿಹ್ನೆ ಪರ್ಸೆಂಟ್ ರೂಪಕ್ಕೆ ತಿರುಗಿ ಅದರಲ್ಲಿ 9 ಅಕ್ಷರ ತಿನ್ನುತ್ತದೆ. ಒತ್ತು, ಕೊಂಬು ಸೇರಿ ಸುಮಾರು 22 ಚಿಹ್ನೆಗೆ ಜಾಗ ಮುಗಿಯಿತು. ಅದನ್ನು ಉದ್ದ ಮಾಡಿ "ಸರಿಪಡಿಸಲು" ಹೋಗಬೇಡಿ, ತುಂಡಾದದ್ದನ್ನೇ ಹಾಗೇ ಇಡಿ. ಇಮೇಲ್‌ನಿಂದ ಕಾಮೆಂಟ್ ಸೇರಿಸುವಾಗ ದಿನಾಂಕವನ್ನೂ ಹಳೇದನ್ನೇ ಕೊಡಿ, ಇಲ್ಲದಿದ್ದರೆ ಉತ್ತರ ಮೇಲೆ, ಪ್ರಶ್ನೆ ಕೆಳಗೆ ಬಂದು ಕೂರುತ್ತದೆ.