ಬೋಲ್ಟ್ ಕೂತರೆ ಸಾಕು

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ತಪ್ಪದೆ ಓದಿ!! ಹಳೆ ಪಿಕಪ್ ಬಿಸಿಯಾಗುತ್ತಿದೆಯೇ? ಮೆಕ್ಯಾನಿಕ್‌ಗಳು ಹೇಳದ ಗುಟ್ಟು. ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಎಂಜಿನ್ ತಣ್ಣಗಿರುತ್ತದೆ. ವಾಟರ್ ಪಂಪ್ ಯಾವುದಾದರೂ ನಡೆಯುತ್ತದೆ, ಬೋಲ್ಟ್ ಕೂತರೆ ಸಾಕು. ಗಾಡಿ ಇರುವವರಿಗೆಲ್ಲ ಕಳಿಸಿ 🙏

ದೊಡ್ಡಪ್ಪ: ಮಂಜು, ನೋಡು. ಇಷ್ಟು ಸುಲಭದ ಕೆಲಸಕ್ಕೆ ನೀನು ತಿಂಗಳುಗಟ್ಟಲೆ ಗಾಡಿ ಬಿಚ್ಚಿಟ್ಟುಕೊಂಡು ಕೂತಿದ್ದೀಯ.

ಹೆಸರು ಹಿಡಿದು ಹೇಳಿದ್ದೇ ಎಡವಟ್ಟಾಯಿತು. ಬರೀ ಫಾರ್ವರ್ಡ್ ಆಗಿದ್ದರೆ ನಮ್ಮ ಗುಂಪಿನಲ್ಲಿ ಯಾರೂ ಅದನ್ನು ತೆರೆಯುತ್ತಲೇ ಇರಲಿಲ್ಲ.

ರಶ್ಮಿ: ಮಾವ, ಇದನ್ನು ಬರೆದವರು ಯಾರು?

ದೊಡ್ಡಪ್ಪ: ಗೊತ್ತಿರುವವರೇ ಕಳಿಸಿದ್ದಾರೆ.

ರಶ್ಮಿ: ಅವರಿಗೆ ಯಾರು ಕಳಿಸಿದರು?

ದೊಡ್ಡಪ್ಪ: ನಾಳೆ ಸೂರ್ಯ ಹುಟ್ಟಿದರೂ ನೀನು ಸಾಕ್ಷಿ ಕೇಳುತ್ತೀಯ.

ಮಂಜು: ದೊಡ್ಡಪ್ಪ, ಥರ್ಮೋಸ್ಟಾಟ್ ತೆಗೆಯುವ ಹಾಗಿಲ್ಲ. ಎಂಜಿನ್ ನೀರು ತಣಿಯಲು ರೇಡಿಯೇಟರ್‌ಗೆ ಹೋಗುವ ದಾರಿಯ ಬಾಗಿಲು ಅದು. ಅದರ ಮೇಲೆ 82 ಎಂದಿದ್ದರೆ ನೀರು 82 ಡಿಗ್ರಿ ಆದಾಗ ತೆರೆಯಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಮುಚ್ಚಿದ್ದರೇ ಎಂಜಿನ್ ಬೇಗ ಹದಕ್ಕೆ ಬರುವುದು. ಕಿತ್ತುಹಾಕಿದರೆ ಇಂಧನ ಜಾಸ್ತಿ, ಸವೆತವೂ ಜಾಸ್ತಿ. ಕೆಲವು ಎಂಜಿನ್‌ಗಳಲ್ಲಿ ಅದರ ಕೆಳಗಿನ ಬಿಲ್ಲೆಯೇ ಬೈಪಾಸ್ ದಾರಿಯನ್ನು, ಅಂದರೆ ರೇಡಿಯೇಟರ್ ತಪ್ಪಿಸಿ ಎಂಜಿನ್‌ಗೇ ವಾಪಸಾಗುವ ದಾರಿಯನ್ನು, ಮುಚ್ಚುತ್ತದೆ. ಆ ಬಿಲ್ಲೆ ಇಲ್ಲದಿದ್ದರೆ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತುತ್ತದೆ. ತಣ್ಣಗಾಗುವುದು ಹೋಗಲಿ, ಇನ್ನೂ ಬಿಸಿಯಾಗುತ್ತದೆ.

ಚಿಕ್ಕಪ್ಪ: 👍

ದೊಡ್ಡಪ್ಪ: ಆ ಹೆಬ್ಬೆರಳು ಯಾರಿಗೆ?

ಚಿಕ್ಕಪ್ಪ: ಇಬ್ಬರಿಗೂ, ಅಣ್ಣ.

ಸುಧಿ: ಅಜ್ಜನ ಪಿಕಪ್!! ಹಿಂದುಗಡೆ ಟಾರ್ಪಾಲಿನ್ ಮೇಲೆ ಮಲಗಿಕೊಂಡು ಹೋಗುತ್ತಿದ್ದೆವಲ್ಲ. ರಶ್ಮಿ ವಾಂತಿ ಮಾಡಿಕೊಂಡದ್ದು ಯಾರಿಗಾದರೂ ನೆನಪಿದೆಯಾ 😂

ರಶ್ಮಿ: ಅದು ನೀನು.

ಅತ್ತೆ: ಇಬ್ಬರೂ ಮಾಡಿದ್ದೀರಿ. ತೊಳೆದವಳು ನಾನು.

ವಾಂತಿಯ ವಿಷಯಕ್ಕೆ ಬಂದಷ್ಟು ಇಮೋಜಿ ಥರ್ಮೋಸ್ಟಾಟಿಗೆ ಬರಲಿಲ್ಲ. ಮಂಜು ಮಾತ್ರ ಬಿಡಲಿಲ್ಲ.

ಮಂಜು: ಪಂಪ್ ಫೋಟೋ ಹಾಕಿದ್ದೇನೆ, ಸ್ವಲ್ಪ ನೋಡಿ. ಹೊಸದು ಬೋಲ್ಟಿಗೆ ಸರಿಯಾಗಿ ಕೂತಿತು. ಆದರೆ ಒಳಗಿನ ರೆಕ್ಕೆಗಳು ಹಳೆಯದಕ್ಕಿಂತ ಉಲ್ಟಾ ಬಾಗಿವೆ.

ದೊಡ್ಡಪ್ಪ: ನೀರಿಗೇನು ಎಡ ಬಲ ಗೊತ್ತಾಗುತ್ತದೆಯೇ?

ಮಂಜು: ರೆಕ್ಕೆಗೆ ಗೊತ್ತಾಗುತ್ತದೆ. ಹಳೆ ವಿ ಬೆಲ್ಟಿನಲ್ಲಿ ಬೆಲ್ಟಿನ ಒಳಮೈ ಪಂಪನ್ನು ತಿರುಗಿಸುತ್ತದೆ. ಆಮೇಲೆ ಗೆರೆಗೆರೆಯ ಅಗಲ ಬೆಲ್ಟ್ ಬಂತು. ಅದರಲ್ಲಿ ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟಿನ ಬೆನ್ನು ಪಂಪಿಗೆ ತಾಗುತ್ತದೆ, ಹಾಗಾಗಿ ಪಂಪ್ ಉಲ್ಟಾ ತಿರುಗುತ್ತದೆ. ಎರಡಕ್ಕೂ ಬೋಲ್ಟ್ ತೂತು ಒಂದೇ ಇರಬಹುದು. ಅದಲುಬದಲಾದರೆ ಪಂಪ್ ತಿರುಗುವುದೇನೋ ತಿರುಗುತ್ತದೆ, ನೀರು ಸರಿಯಾಗಿ ಓಡುವುದಿಲ್ಲ. ಪಂಪ್ ಮೇಲಿನ ಫ್ಯಾನಿಗೂ ಇದೇ ಲೆಕ್ಕ.

ಸುಧಿ: ಅಷ್ಟೆಲ್ಲ ಯಾಕೆ, ಜಾಸ್ತಿ ಒತ್ತಡದ ರೇಡಿಯೇಟರ್ ಕ್ಯಾಪ್ ಹಾಕಿಬಿಡು.

ಮಂಜು: 7 ಪಿಎಸ್‌ಐ ಒತ್ತಡದ ರೇಡಿಯೇಟರ್‌ಗೆ 15ರ ಕ್ಯಾಪ್ ಹಾಕಿದರೆ ನೀರು ಕುದಿಯುವುದು ತಡವಾಗುತ್ತದೆ, ನಿಜ. ಹಳೆ ಬೆಸುಗೆ ಮಾತ್ರ ಬಿಟ್ಟುಕೊಳ್ಳಬಹುದು.

ರಶ್ಮಿ: ಹೊಸ ಪಂಪ್ ಏನು ಹೇಳಿ ತರಿಸಿದೆ?

ಮಂಜು: ಗಾಡಿ ಪೇಪರ್‌ನಲ್ಲಿದ್ದ ವರ್ಷ ಹೇಳಿದೆ. ನನ್ನ ಕೈಗೆ ಬಂದಾಗ ಬೆಲ್ಟೂ ಇರಲಿಲ್ಲ, ಪುಲ್ಲಿಯೂ ಇರಲಿಲ್ಲ.

ರಶ್ಮಿ: ಗಾಡಿಯ ವರ್ಷವೇ ಎಂಜಿನ್‌ನ ವರ್ಷ ಆಗಿರಬೇಕು ಅಂತೇನಿಲ್ಲ, ಅಲ್ವಾ?

ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಇದೊಂದೇ. ಅದಕ್ಕೆ ಬಂದದ್ದು ಉಪದೇಶ.

ದೊಡ್ಡಪ್ಪ: ಅಪ್ಪ ಕೊನೆಯವರೆಗೂ ಅದೇ ಎಂಜಿನ್‌ನಲ್ಲಿ ಓಡಿಸಿದರು. ದಿನಾ ಬೆಳಗ್ಗೆ ಬಾನೆಟ್ ಎತ್ತಿ ನೀರು ನೋಡುತ್ತಿದ್ದರು. ಈಗಿನವರಿಗೆ ಆ ಶಿಸ್ತು ಎಲ್ಲಿದೆ? ಗಾಡಿ ಕೆಡುವುದು ಪಾರ್ಟ್‌ನಿಂದಲ್ಲ, ಅಹಂಕಾರದಿಂದ.

ಅತ್ತೆ: ನೀರಿಲ್ಲದೆ ಓಡಿಸಿ ಎಂಜಿನ್ ಮೇಲಿನ ಹೆಡ್ ಬೆಂಡ್ ಮಾಡಿದವರು ಯಾರು ಅಣ್ಣ?

ದೊಡ್ಡಪ್ಪ: ಹೋಸ್ ಒಡೆದಿತ್ತು. ಆ ವಿಷಯ ಮಕ್ಕಳ ಮುಂದೆ ಬೇಡ.

ಅತ್ತೆ: ಮುಳ್ಳು ಕೆಂಪು ಗೆರೆ ದಾಟಿದರೂ ನೀನು ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ.

ಸುಧಿ: ಮಕ್ಕಳು ಎಂದರೆ ಯಾರು ಮಾವ? ನನ್ನ ತಲೆ ಕೂದಲೇ ಉದುರಿದೆ.

‘ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ’ ಎಂದು ಬಹಳ ಹೊತ್ತು ಕಾಣಿಸುತ್ತಿತ್ತು. ಅವರು ಹೆಬ್ಬೆರಳು ಬಿಟ್ಟು ಬೇರೇನಾದರೂ ಕಳಿಸುವುದೇ ಅಪರೂಪ.

ಚಿಕ್ಕಪ್ಪ: ಹೆಡ್ ಬೆಂಡ್ ಆದ ಮೇಲೆ ಆ ಎಂಜಿನ್ ಉಳಿಯಲಿಲ್ಲ. ಅಪ್ಪ ನನ್ನ ಕೈಯಲ್ಲಿ ಬೇರೆ ಎಂಜಿನ್ ಹಾಕಿಸಿದರು. ಅದೇ ಕಂಪನಿಯದು, ಆಮೇಲಿನ ಮಾದರಿ. ಅಗಲ ಬೆಲ್ಟ್ ಇತ್ತು. ಅಣ್ಣನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾನೆ ಅಂದಿದ್ದರು.

ದೊಡ್ಡಪ್ಪ: ನನಗೆ ಹೇಳಲಿಲ್ಲ?

ದೊಡ್ಡಪ್ಪ: ಇಷ್ಟು ವರ್ಷ?

ಅತ್ತೆ: ನನಗೂ ಗೊತ್ತಿತ್ತು.

ದೊಡ್ಡಪ್ಪ ಗುಂಪು ಬಿಟ್ಟರು. ಅತ್ತೆ ಮತ್ತೆ ಸೇರಿಸಿದರು. ಅವರು ಮತ್ತೆ ಬಿಟ್ಟರು. ಅತ್ತೆ ಮತ್ತೆ ಸೇರಿಸಿದರು.

ರಶ್ಮಿ: ಮಂಜು, ಎಂಜಿನ್ ಬ್ಲಾಕ್ ಮೇಲಿನ ನಂಬರ್ ಒರೆಸಿ ಫೋಟೋ ಹಾಕು. ಪಂಪ್, ಥರ್ಮೋಸ್ಟಾಟ್, ಗ್ಯಾಸ್ಕೆಟ್ ಎಲ್ಲವನ್ನೂ ಆ ನಂಬರಿಗೆ ತರಿಸು. ಪೇಪರಿನ ವರ್ಷ ಮರೆತುಬಿಡು.

ಮಂಜು: ಒರೆಸುತ್ತಿದ್ದೇನೆ. ಚಿಕ್ಕಪ್ಪ, ಆ ಬೆಲ್ಟ್, ಪುಲ್ಲಿ ಎಲ್ಲಿ?

ಚಿಕ್ಕಪ್ಪ: ಡಬ್ಬದಲ್ಲಿ ಹಾಕಿ ಅಣ್ಣನ ಶೆಡ್‌ನಲ್ಲೇ ಇಟ್ಟಿದ್ದೆ.

ದೊಡ್ಡಪ್ಪ: ಶೆಡ್ಡಿನ ಬೀಗದಕೈ ನನ್ನ ಹತ್ತಿರ ಇದೆ. ಬೇಕಾದವರು ಫೋನ್ ಮಾಡಿ ಕೇಳಲಿ. ಇಲ್ಲಿ ಕೇಳಬಾರದು.