ದೋಣಿಯ ಟ್ರೇಲರ್: ಚಕ್ರದ ಬೇರಿಂಗಿಗೆ ಯಾವ ಗ್ರೀಸ್, ಎಷ್ಟು ದಿನಕ್ಕೊಮ್ಮೆ?

ಗಾಳಗಾರ, ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಹದಿನೆಂಟು ಅಡಿಯ ಹಳೆಯ ಮೀನುಗಾರಿಕೆ ದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡುಕೊಂಡೆ. ಟ್ರೇಲರಿಗೆ ಒಂದೇ ಆಕ್ಸಲ್, ಅದು 3,500 ಪೌಂಡ್ ಭಾರ ಹೊರುವಂಥದ್ದು, ಬ್ರೇಕ್ ಇಲ್ಲ. ತಿಂಗಳಿಗೆ ಎರಡು ಸಲವಾದರೂ ಹೆದ್ದಾರಿಯಲ್ಲಿ ಸುಮಾರು 50 ಮೈಲಿ ಎಳೆದುಕೊಂಡು ಹೋಗಿ ಗ್ಯಾಲ್ವೆಸ್ಟನ್ ಕೊಲ್ಲಿಯ ಉಪ್ಪುನೀರಿಗೆ ಇಳಿಸುತ್ತೇನೆ. ಕಳೆದ ತಿಂಗಳು ಹಿಂದಿರುಗುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹಬ್‌ಗಳನ್ನು (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಮುಟ್ಟಿ ನೋಡಿದೆ. ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದರ ಮೇಲೆ ಕೈಯಿಡಲು ಆಗಲಿಲ್ಲ. ಮನೆಗೆ ತಂದು ಬಿಚ್ಚಿದಾಗ ಒಳಗಿನ ಗ್ರೀಸ್ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ನನಗೆ ಅರ್ಥವಾಗದ ಸಂಗತಿಯೆಂದರೆ, ಹಬ್‌ನ ತುದಿಯಲ್ಲಿ ಸ್ಪ್ರಿಂಗ್ ಇರುವ ಮುಚ್ಚಳವಿದೆ ಮತ್ತು ಪ್ರತಿ ಸಲ ಹೊರಡುವ ಮುಂಚೆ ಗ್ರೀಸ್ ಗನ್ನಿನಿಂದ ತಪ್ಪದೆ ನಾಲ್ಕೈದು ಒತ್ತು ಹಾಕುತ್ತಲೇ ಬಂದಿದ್ದೇನೆ. ಹಾಗಿದ್ದೂ ನೀರು ಹೇಗೆ ಹೊಕ್ಕಿತು? ಅಂಗಡಿಯಲ್ಲಿ ಕಾಣುವ ನೀಲಿ ಬಣ್ಣದ ಮರೀನ್ ಗ್ರೀಸ್ ಹಾಕಿದರೆ ಸಾಕೇ, ಅಥವಾ ಎಣ್ಣೆ ತುಂಬುವ ಹಬ್‌ಗೆ ಬದಲಾಯಿಸಿಬಿಡಬೇಕೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇ ಗ್ಯಾರೇಜು, ಟ್ಯಾಂಪಾ

ತಂದೆಯವರ ಲಾರಿ ಗ್ಯಾರೇಜು ಹುಬ್ಬಳ್ಳಿಯಲ್ಲಿತ್ತು. ಬೇರಿಂಗಿಗೆ ಗ್ರೀಸ್ ತುಂಬುವುದು ನಾನು ಅಲ್ಲಿ ಕಲಿತ ಮೊದಲ ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀರು ಹೊಕ್ಕಿದ್ದು ಬಹುಮಟ್ಟಿಗೆ ಹಿಂದಿನ ಸೀಲ್‌ನಿಂದ, ಅಂದರೆ ಹಬ್‌ನ ಒಳಬದಿಯಲ್ಲಿ ಗ್ರೀಸ್ ಸೋರದಂತೆ ತಡೆಯುವ ರಬ್ಬರ್ ತುಟಿಯ ಬಳೆಯಿಂದ. ಐವತ್ತು ಮೈಲಿ ಓಡಿ ಬಂದ ಹಬ್ ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿಯೂ ಹಿಗ್ಗಿರುತ್ತದೆ. ಅದನ್ನು ಹಾಗೆಯೇ ತಣ್ಣೀರಿನಲ್ಲಿ ಮುಳುಗಿಸಿದರೆ ಗಾಳಿ ತಟ್ಟನೆ ಕುಗ್ಗಿ, ಸೀಲ್‌ನ ತುಟಿ ಎಲ್ಲಿ ಸವೆದಿದೆಯೋ ಅಲ್ಲಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ಪ್ರಿಂಗ್ ಮುಚ್ಚಳ ಮಾಡುವ ಕೆಲಸ ಇದಕ್ಕೆ ತಡೆಯೊಡ್ಡುವುದು: ಒಳಗಿನ ಗ್ರೀಸನ್ನು ಹೊರಗಿನ ಒತ್ತಡಕ್ಕಿಂತ ಸುಮಾರು 3 ಪಿಎಸ್‌ಐನಷ್ಟು (ಚದರ ಇಂಚಿಗೆ 3 ಪೌಂಡ್) ಹೆಚ್ಚಿನ ಒತ್ತಡದಲ್ಲಿ ಇಡುವುದು. ಆದರೆ ಗ್ರೀಸ್ ಗನ್ನು ಕೊಡುವ ಒತ್ತಡ ಇದಕ್ಕಿಂತ ನೂರಾರು ಪಟ್ಟು ಹೆಚ್ಚು. ಮುಚ್ಚಳದ ಪಿಸ್ಟನ್ ಪೂರ್ತಿ ಹೊರಗೆ ಬಂದ ಮೇಲೂ ಒತ್ತುತ್ತಾ ಹೋದರೆ ಗ್ರೀಸ್ ಹಿಂದಿನ ಸೀಲನ್ನೇ ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ನಿಮ್ಮ ಟ್ರೇಲರ್‌ನ ಚಕ್ರದ ಒಳಮೈಗೆ ಗ್ರೀಸ್ ಸಿಡಿದ ಗುರುತು ಇದೆಯೇ ನೋಡಿ. ಇದ್ದರೆ ತಪ್ಪಿದ್ದು ಆ ನಾಲ್ಕೈದು ಒತ್ತಿನಲ್ಲಿಯೇ. ಪಿಸ್ಟನ್‌ನ ಅಂಚನ್ನು ಬೆರಳಿನಿಂದ ಅದುಮಿದಾಗ ಅದು ತುಸು ಅಲುಗಾಡಿದರೆ ಗ್ರೀಸ್ ಸಾಕಷ್ಟಿದೆ ಎಂದರ್ಥ, ಗನ್ನು ಮುಟ್ಟಬೇಡಿ.

ಇನ್ನೊಂದು ಮಾತು. ಮುಂದಿನ ಮುಚ್ಚಳದಿಂದ ಹಾಕಿದ ಹೊಸ ಗ್ರೀಸ್ ಹಿಂದಿನ ಬೇರಿಂಗಿನ ಹಳೆಯ ಗ್ರೀಸನ್ನು ತೊಳೆದು ಹೊರಹಾಕುವುದಿಲ್ಲ. ಸ್ಪಿಂಡಲ್‌ನ (ಹಬ್ ಕೂರುವ ಆಕ್ಸಲ್ ತುದಿಯ) ಒಳಗೇ ರಂಧ್ರ ಕೊರೆದು, ಸೀಲ್ ಮತ್ತು ಹಿಂದಿನ ಬೇರಿಂಗಿನ ನಡುವೆ ಗ್ರೀಸ್ ಬೀಳುವಂತೆ ಮಾಡಿದ ಆಕ್ಸಲ್‌ಗಳಲ್ಲಿ ಮಾತ್ರ ಅದು ಸಾಧ್ಯ, ಅಲ್ಲೂ ಚಕ್ರವನ್ನು ಜಾಕ್ ಮೇಲೆ ಎತ್ತಿ, ತಿರುಗಿಸುತ್ತಾ, ನಿಧಾನವಾಗಿ ಹಾಕಬೇಕು. ಹಾಗಾಗಿ ಯಾವ ಮುಚ್ಚಳವಿದ್ದರೂ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ತಪ್ಪುವುದಿಲ್ಲ. ಆಕ್ಸಲ್ ತಯಾರಕರು ಸಾಮಾನ್ಯವಾಗಿ ಹೇಳುವ 12 ತಿಂಗಳು ಅಥವಾ 12,000 ಮೈಲಿ ಎಂಬ ಲೆಕ್ಕ ಒಣ ರಸ್ತೆಯ ಟ್ರೇಲರಿಗೆ ಸರಿ. ಉಪ್ಪುನೀರಿನಲ್ಲಿ ಮುಳುಗುವ ನಿಮ್ಮದಕ್ಕೆ ನಾನಾದರೆ ಆರು ತಿಂಗಳಿಗೊಮ್ಮೆ ಎನ್ನುತ್ತೇನೆ.

ಗ್ರೀಸ್‌ನ ಬಣ್ಣಕ್ಕೆ ಅರ್ಥವಿಲ್ಲ, ಅದು ಬರೀ ಬಣ್ಣ. ಡಬ್ಬಿಯ ಹಿಂಬದಿಯಲ್ಲಿ ಎನ್‌ಎಲ್‌ಜಿಐ 2 ಎಂಬ ಗಟ್ಟಿತನದ ದರ್ಜೆಯೂ ಚಕ್ರದ ಬೇರಿಂಗಿಗೆ ಒಪ್ಪಿಗೆಯಾದ ಜಿಸಿ-ಎಲ್‌ಬಿ ಗುರುತೂ ಇರಲಿ. ಉಪ್ಪುನೀರಿನ ತುಕ್ಕಿಗೆ ಕ್ಯಾಲ್ಸಿಯಂ ಸಲ್ಫೊನೇಟ್ ಆಧಾರದ ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್‌ಗಿಂತ ಚೆನ್ನಾಗಿ ತಡೆಯೊಡ್ಡುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಕ್ಕೆ ಬೇಕಾಗುವುದು ಎಷ್ಟು!

ಸರೋವರದವನು, ಮಿಷಿಗನ್

ಎಣ್ಣೆಯ ಹಬ್ ಬಗ್ಗೆ ಕೇಳಿದ್ದೀರಿ, ನನ್ನ ಟ್ರೇಲರಿನಲ್ಲಿ ಅದೇ ಇದೆ. ಇದರ ದೊಡ್ಡ ಅನುಕೂಲವೆಂದರೆ ಮುಚ್ಚಳದಲ್ಲಿರುವ ಪಾರದರ್ಶಕ ಕಿಂಡಿ: ಎಣ್ಣೆ ತಿಳಿಯಾಗಿದ್ದರೆ ಹೊರಡಬಹುದು, ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಬಿಚ್ಚದೆಯೇ ಗೊತ್ತಾಗುತ್ತದೆ. ದೂರದ ಪ್ರಯಾಣದಲ್ಲಿ ಹಬ್‌ಗಳು ತಂಪಾಗಿಯೂ ಓಡುತ್ತವೆ, ದೊಡ್ಡ ಲಾರಿಗಳ ಟ್ರೇಲರ್‌ಗಳಲ್ಲಿ ಎಣ್ಣೆಯೇ ಬಳಕೆಯಲ್ಲಿರುವುದು ಸುಮ್ಮನೆ ಅಲ್ಲ.

ಆದರೆ ನಿಮ್ಮ ಹಳೆಯ ಆಕ್ಸಲ್‌ಗೆ ನಾನು ಇದನ್ನು ಹೇಳಲಾರೆ. ಸೀಲ್ ಕೂರುವ ಜಾಗ ಕನ್ನಡಿಯಂತೆ ನುಣುಪಾಗಿಲ್ಲದಿದ್ದರೆ ಎಣ್ಣೆ ಸೋರಿಯೇ ಸೋರುತ್ತದೆ. ಸೀಲ್ ಕೆಟ್ಟರೆ ಗ್ರೀಸ್ ಹೇಗೋ ಮನೆ ಮುಟ್ಟಿಸುತ್ತದೆ, ಎಣ್ಣೆಯಾದರೆ ರಸ್ತೆಯಲ್ಲೇ ಖಾಲಿ. ಚಳಿಗಾಲದಲ್ಲಿ ನಾಲ್ಕೈದು ತಿಂಗಳು ನಿಂತರೆ ಎಣ್ಣೆ ಕೆಳಗಿಳಿದು ಮೇಲಿನ ರೋಲರ್‌ಗಳು ಒಣಗಿ ತುಕ್ಕು ಹಿಡಿಯುತ್ತವೆ, ಅದಕ್ಕೆಂದೇ ಆಗಾಗ ಹೋಗಿ ಚಕ್ರವನ್ನು ತಿರುಗಿಸಿ ಬರುತ್ತೇನೆ. ಹಿಮದಲ್ಲಿ ನಿಂತು ಚಕ್ರ ತಿರುಗಿಸುವುದನ್ನು ನೋಡಿ ನೆರೆಯವರು ಏನೆಂದುಕೊಂಡಿದ್ದಾರೋ.

ಗಾಳಗಾರ, ಹ್ಯೂಸ್ಟನ್

ಇಬ್ಬರಿಗೂ ಕೃತಜ್ಞತೆಗಳು. ಚಕ್ರದ ಒಳಮೈ ನೋಡಿದೆ, ಗ್ರೀಸ್ ಸಿಡಿದ ಕಪ್ಪು ಗೆರೆಗಳು ಸ್ಪಷ್ಟವಾಗಿವೆ; ತಪ್ಪು ನನ್ನದೇ. ಬೇರಿಂಗ್ ತೊಳೆದಾಗ ಹಿಂದಿನ ಕಪ್‌ನ (ಬೇರಿಂಗಿನ ಹೊರ ಬಳೆಯ) ಒಳಮೈಯಲ್ಲಿ ರೋಲರ್‌ಗಳ ಅಂತರದಲ್ಲೇ ಸಮನಾದ ಕಪ್ಪು ಗೀಟುಗಳು ಕಂಡವು. ಉಗುರಿಗೆ ಸ್ವಲ್ಪ ತಗಲುತ್ತವೆ. ಇದನ್ನು ತಿಕ್ಕಿ ಮತ್ತೆ ಬಳಸಬಹುದೇ? ಬಲಗಡೆಯ ಹಬ್ ಚೆನ್ನಾಗಿದೆ. ಅದರಲ್ಲಿರುವ ಗ್ರೀಸ್ ಯಾವುದೆಂದು ಗೊತ್ತಿಲ್ಲ, ಹೊಸದನ್ನು ಅದರ ಮೇಲೆಯೇ ಹಾಕಬಹುದೇ?

ಹಳೇ ಗ್ಯಾರೇಜು, ಟ್ಯಾಂಪಾ

ಗೀಟು ಉಗುರಿಗೆ ತಗಲಿದರೆ ಆ ಬೇರಿಂಗ್ ಮುಗಿಯಿತು. ನೀರು ಸೇರಿದ ಗ್ರೀಸಿನಲ್ಲಿ ಚಕ್ರ ನಿಂತೇ ಇದ್ದಾಗ ಪ್ರತಿ ರೋಲರ್‌ನ ಕೆಳಗೆ ಹೀಗೆ ಕೊರೆದು ಹೋಗುತ್ತದೆ. ಕೋನ್ (ರೋಲರ್‌ಗಳಿರುವ ಒಳಭಾಗ) ಮತ್ತು ಕಪ್ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಿ, ಹೊಸ ಕೋನ್ ಅನ್ನು ಹಳೆಯ ಕಪ್ ಮೇಲೆ ಕೂರಿಸಬೇಡಿ. 3,500 ಪೌಂಡ್ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ಎಲ್68149, ಹೊರಗೆ ಎಲ್44649 ಇರುತ್ತದೆ, ಆದರೂ ಹಳೆಯದರ ಮೇಲೆ ಕೆತ್ತಿರುವ ಸಂಖ್ಯೆ ನೋಡಿಯೇ ತರಿಸಿ.

ಯಾವುದೆಂದು ಗೊತ್ತಿಲ್ಲದ ಗ್ರೀಸ್ ಮೇಲೆ ಹೊಸದು ಹಾಕುವುದು ಬೇಡ. ಪಾಲಿಯೂರಿಯಾ ಗ್ರೀಸ್‌ಗೂ ಲಿಥಿಯಂ ಕಾಂಪ್ಲೆಕ್ಸ್‌ಗೂ ಹೊಂದಾಣಿಕೆಯಾಗದೆ ಎರಡೂ ಸೇರಿ ನೀರಾಗಿ ಸೋರಿಹೋದದ್ದುಂಟು. ಬಲಗಡೆಯದನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರ್ರನೆ ತಿರುಗಿಸುವ ಆಟ ಮಾತ್ರ ಆಡಬೇಡಿ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಕೋನ್‌ನ ಅಗಲ ತುದಿಯನ್ನು ಅದಕ್ಕೆ ಒತ್ತೊತ್ತಿ ಎಳೆದರೆ, ರೋಲರ್‌ಗಳ ಸಂದಿಯಿಂದ ಇನ್ನೊಂದು ತುದಿಗೆ ಗ್ರೀಸ್ ಶ್ಯಾವಿಗೆಯಂತೆ ಹೊರಬರುತ್ತದೆ. ಸುತ್ತಲೂ ಹಾಗೆ ಬರುವವರೆಗೆ ಬಿಡಬಾರದು.

ಹೊಸ ಸೀಲ್ ಹಾಕುವ ಮುಂಚೆ ಸ್ಪಿಂಡಲ್ ಮೇಲೆ ಸೀಲ್ ಉಜ್ಜುವ ಜಾಗಕ್ಕೆ ಬೆರಳಾಡಿಸಿ. ಅಲ್ಲಿ ಕಾಲುವೆ ಬಿದ್ದಿದ್ದರೆ ತೆಳುವಾದ ಉಕ್ಕಿನ ಕವಚ (ಸ್ಲೀವ್) ಹಾಕಿಸಬೇಕಾಗುತ್ತದೆ, ಇಲ್ಲದಿದ್ದರೆ ಎಂಥ ದುಬಾರಿ ಗ್ರೀಸ್ ತಂದರೂ ಮುಂದಿನ ಸಲ ಮತ್ತೆ ಕಾಫಿಯೇ. ಕೊನೆಗೆ ನಟ್: ಹಬ್ ತಿರುಗಿಸುತ್ತಾ ಬಿಗಿ ಮಾಡಿ ಬೇರಿಂಗ್‌ಗಳನ್ನು ಕೂರಿಸಿ, ಆಮೇಲೆ ಸಡಿಲಿಸಿ, ಬೆರಳಿನ ಬಿಗಿಗೆ ಮಾತ್ರ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಬ್ ಅಲುಗಾಡಿಸಿದರೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು.

ದೋಣಿಯನ್ನು ನೀರಿಗಿಳಿಸುವ ಇಳಿಜಾರಿಗೆ (ರಾಂಪ್) ಬಂದ ಕೂಡಲೇ ದೋಣಿ ಇಳಿಸದೆ, ಹಗ್ಗ ಕಟ್ಟುವುದು, ಸಾಮಾನು ತುಂಬುವುದು ಎಲ್ಲವನ್ನೂ ಮೇಲೆಯೇ ಮುಗಿಸಿ ಹಬ್ ತಣಿಯಲು ಬಿಡಿ. ಎಂದಾದರೂ ಹಬ್ಬನ್ನೇ ಬದಲಾಯಿಸಿದರೆ ಹಳೆಯದನ್ನು ಎಸೆಯಬೇಡಿ. ಹೊಸ ಬೇರಿಂಗ್ ಕೂರಿಸಿ, ಗ್ರೀಸ್ ತುಂಬಿ, ಚೀಲದಲ್ಲಿ ಸುತ್ತಿ ಕಾರಿನ ಹಿಂದೆ ಇಟ್ಟುಕೊಂಡರೆ ರಸ್ತೆ ಬದಿಯಲ್ಲಿ ಅರ್ಧ ಗಂಟೆಯ ಕೆಲಸ.